ನಮ್ಮ ಕುದುರೆಯ ಎಡಮುಂಗಾಲಿಗೊಂದು ಬಹಿರಂಗ ಪತ್ರ

ತಾವರೆಕೆರೆ, ಶಿರಾ ತಾಲ್ಲೂಕು

ಇವರಿಗೆ,
ಶ್ರೀಯುತ ಎಡಮುಂಗಾಲಿನವರು,
ಬೆಳ್ಳಿ ಎಂಬ ಬಿಳಿ ಹೆಣ್ಣುಕುದುರೆಯ ಕೊರಳಿನ ಕೆಳಗೆ, ಎಡಗಡೆ.

ವಿಷಯ: ತಾವು ಕುಂಟುತ್ತಿರುವ ಕಾರಣವನ್ನು ಇದುವರೆಗೂ ತಿಳಿಸದೇ ಇರುವ ಬಗ್ಗೆ.

ಮಾನ್ಯರೇ,

ತಾವು ಕುಂಟುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಸೀಮೆಯವರಿಗೆ ಕುಂಟು ಹೊಸದಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಇವತ್ತು ಬಂತು, ನಾಳೆ ಬಂತು ಎಂದು ಕೇಳುತ್ತಲೇ ನಮ್ಮ ತಲೆ ನರೆತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಎಂದು ಘೋಷಣೆಯೂ ಆಯಿತು. ಅದು ಯಾಕೆ ಕುಂಟುತ್ತಿದೆ ಎಂದು ಕೇಳಿದರೆ, ಸುಳ್ಳೋ ನಿಜವೋ, ಯಾರಾದರೊಬ್ಬರು ಏನಾದರೊಂದು ಕಾರಣ ಹೇಳುತ್ತಾರೆ. ತಾವು ಅಷ್ಟನ್ನೂ ಹೇಳುತ್ತಿಲ್ಲ. ನನ್ನ ದೂರು ಇಷ್ಟೇ.

ಕುಂಟು ಶುರುವಾದ ಹಿಂದಿನ ರಾತ್ರಿ ಶಿರಾದ ಛತ್ರವೊಂದರ ಮುಂದೆ ತಾವೂ ತಮ್ಮ ಮೂವರು ಸಹೋದ್ಯೋಗಿಗಳೂ ಬ್ಯಾಂಡ್‌ಸೆಟ್ಟಿನ ಗದ್ದಲದಲ್ಲಿ, ಪಟಾಕಿಯ ಹೊಗೆಯಲ್ಲಿ, ನಿಂತಲ್ಲೇ ಕುಣಿಯುತ್ತಾ ಸರಿಯಾಗಿಯೇ ಕೆಲಸ ಮಾಡಿದಿರಿ. ಬೆಳಿಗ್ಗೆ ಎದ್ದು ನೋಡಿದರೆ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿಕೊಂಡು, ಮದುವೆಮನೆಯಲ್ಲಿ ಮುನಿಸಿಕೊಂಡ ಸೋದರಮಾವನ ಹಾಗೆ ಒಂದು ಪಕ್ಕಕ್ಕೆ ನಿಂತಿದ್ದಿರಿ. ಊತವಿಲ್ಲ, ಗಾಯವಿಲ್ಲ, ಮುಳ್ಳಿಲ್ಲ. ರಜೆ ಬೇಕಿದ್ದರೆ ಆಷಾಢ ಇತ್ತಲ್ಲ ಸ್ವಾಮಿ? ಇಡೀ ತಿಂಗಳು ಒಂದು ಮದುವೆಯೂ ಇರುವುದಿಲ್ಲ, ಕೂತು ತಿನ್ನಬಹುದಿತ್ತು. ತಾವು ಹುಡುಕಿ ಹುಡುಕಿ ಮಾಘ ಮಾಸವನ್ನೇ ಆರಿಸಿಕೊಂಡಿರಿ.

ತಮ್ಮ ಸೇವಾ ದಾಖಲೆಯನ್ನು ನಾನು ಕಡೆಗಣಿಸುತ್ತಿಲ್ಲ. ರಾಜ್ಯೋತ್ಸವದ ದಿನ ಹೈಸ್ಕೂಲಿನ ಹುಡುಗಿಯೊಬ್ಬಳು ತಗಡಿನ ಕತ್ತಿ ಹಿಡಿದು ಕಿತ್ತೂರು ಚೆನ್ನಮ್ಮನಾಗಿ ತಮ್ಮ ಮೇಲೆ ಕೂರುತ್ತಾಳೆ. ಜೂನ್ 27ಕ್ಕೆ ಕೆಂಪೇಗೌಡರು ಕೂರುತ್ತಾರೆ. ಉಳಿದ ದಿನ ಮದುವೆ ಗಂಡುಗಳು. ಅವರು ಕಡಿವಾಣ ಹಿಡಿಯುವುದಕ್ಕಿಂತ ಮೊಬೈಲ್ ಹಿಡಿಯುವುದೇ ಹೆಚ್ಚು. ಕುದುರೆಯ ಮೈಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದಂತೆ. ಅಂದಮೇಲೆ ಚೆನ್ನಮ್ಮನಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯವರ ಮಗನವರೆಗೆ ಎಲ್ಲರ ಭಾರದಲ್ಲೂ ದೊಡ್ಡ ಪಾಲು ಹೊತ್ತವರು ತಾವು ಮತ್ತು ತಮ್ಮ ಬಲಗಡೆಯವರು. ಒಪ್ಪಿಕೊಳ್ಳುತ್ತೇನೆ.

ಆದರೆ ತಮ್ಮ ಮೌನದಿಂದ ಊರಿನಲ್ಲಿ ಏನಾಗಿದೆ ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಕಾರಣ ಗೊತ್ತಿಲ್ಲದ ಕಾಯಿಲೆ ಎಂದರೆ ಊರಿನ ಸಮಸ್ತರಿಗೂ ವೈದ್ಯ ಪದವಿ ಸಿಕ್ಕಂತೆ. ಮೊದಲು ಬಂದವರು ಲಾಳ ಕಟ್ಟುವವರು. ಎತ್ತಿನ ಸೀಳುಗೊರಸಿಗೆ ಒಂದು ಕಾಲಿಗೆ ಎರಡು ತುಂಡು ಲಾಳ, ಎತ್ತನ್ನು ಹಗ್ಗ ಹಾಕಿ ಕೆಡವಿಯೇ ಹೊಡೆಯಬೇಕು. ಕುದುರೆಗೆ ನಿಂತಲ್ಲೇ ಒಂದೇ ತುಂಡು. ಟ್ರ್ಯಾಕ್ಟರ್ ಬಂದಮೇಲೆ ಎರಡೂ ಬಲ್ಲವರು ಅಪರೂಪ. ಅವರು ಕಾಲೆತ್ತಿ ನೋಡಿ, "ಹೋದ ಸಲ ಬೇರೆಯೋರ ಹತ್ರ ಹೊಡೆಸಿದ್ರಲ್ಲ, ಮೊಳೆ ಜೀವಕ್ಕೆ ತಾಕೈತೆ" ಎಂದರು. ಕುರಿ ಮಂದೆಯ ಅಜ್ಜ, "ಮೊಳೆ ಅಲ್ಲ ಕಣಪ್ಪ, ಹೆಗಲು ಉಳುಕೈತೆ" ಎಂದು ಮಂತ್ರ ಹಾಕಿಸಲು ಹೇಳಿದ. ಪಕ್ಕದ ಮನೆ ಅಕ್ಕನದು ಒಂದೇ ಮಾತು: ಬಿಳಿ ಕುದುರೆ, ಮದುವೆ ಮೆರವಣಿಗೆ, ಇನ್ನು ದೃಷ್ಟಿಯಾಗದೆ ಏನಾಗುತ್ತೆ? ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿಯೇ ಹೋದಳು. ಹೆದ್ದಾರಿ ಢಾಬಾದಲ್ಲಿ ರೊಟ್ಟಿ ತಿನ್ನುತ್ತಿದ್ದ ರಾಜಸ್ಥಾನದ ಲಾರಿ ಡ್ರೈವರ್ ಕೈ ಕೂಡ ತೊಳೆಯದೆ ಬಂದು, ತಮ್ಮನ್ನು ಮೊಣಕಾಲಿನಿಂದ ಕೆಳಗೆ ಸವರಿ, ಅವರ ಕಡೆಯ ಕುದುರೆಗಳಿಗೆ ಹೀಗಾದರೆ ಏನು ಮಾಡುತ್ತಾರೆಂದು ಹಿಂದಿಯಲ್ಲಿ ವಿವರಿಸಿದ. ಅಲ್ಲಿದ್ದವರಿಗೆ ಅರ್ಥವಾದದ್ದು 'ಸರಸೋಂ ಕಾ ತೇಲ್' ಒಂದೇ. ಸಾಸಿವೆ ಎಣ್ಣೆ ತರಲು ಇಬ್ಬರು ಹುಡುಗರು ಬೈಕ್ ಹತ್ತಿಯೂ ಆಗಿತ್ತು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಒಬ್ಬರು ಬರೆ ಹಾಕಿಸು ಎಂದರು. ಕಾದ ಕಬ್ಬಿಣದಿಂದ ಹೆಗಲ ಮೇಲೆ ಗೀರೆಳೆದರೆ ಕುಂಟು ಬಿಟ್ಟುಹೋಗುತ್ತದಂತೆ. ಹೌದು, ಬಿಟ್ಟುಹೋಗಬಹುದು. ಮೈಮೇಲೆ ಸುಟ್ಟ ಗಾಯವಿದ್ದಾಗ ಕಾಲುನೋವನ್ನು ಯಾರು ನೆನೆಸಿಕೊಳ್ಳುತ್ತಾರೆ? ಆ ಸಲಹೆ ಕೊಟ್ಟವರಿಗೆ ಬೆನ್ನುನೋವು ಬಹಳ ದಿನದಿಂದ ಇದೆ ಎಂದು ನನಗೆ ಗೊತ್ತಿತ್ತು. ಕಬ್ಬಿಣ ಕಾಯಿಸಲೇ ಎಂದು ಕೇಳಿದೆ. ಕಾಫಿ ಕುಡಿಯದೆ ಹೋದರು.

ಈ ಎಲ್ಲರಿಗೂ ಧೈರ್ಯ ಕೊಟ್ಟವರು ಯಾರು ಗೊತ್ತೇ? ತಾವೇ. ಮುಂಗಾಲು ಕುಂಟುವ ಕುದುರೆ ಹೆಜ್ಜೆ ಹೆಜ್ಜೆಗೂ ತಲೆಯಾಡಿಸುತ್ತದೆ. ನೋವಿನ ಕಾಲು ನೆಲ ಮುಟ್ಟುವಾಗ ಅದರ ಮೇಲೆ ಭಾರ ಬೀಳದಿರಲೆಂದು ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ಕೆಳಗಿಳಿಸುತ್ತದೆ. ನೋಡಿದವರಿಗೆ ಅದು ಹೂಂಗುಟ್ಟುವುದು. ಲಾಳದವರು "ಮೊಳೆ" ಎಂದಾಗ ಬೆಳ್ಳಿ ಎರಡು ಹೆಜ್ಜೆ ಇಟ್ಟು ಹೂಂ ಎಂದಳು. ಅಜ್ಜ "ಉಳುಕು" ಎಂದಾಗಲೂ ಹೂಂ. "ನೋಡ್ದಾ, ಮೂಕ ಪ್ರಾಣಿನೇ ಒಪ್ಕೊಂತಾ ಐತೆ" ಎಂದು ಪ್ರತಿಯೊಬ್ಬರೂ ಗೆದ್ದು ಹೋದರು. ಇಷ್ಟು ಜನರ ಅಭಿಪ್ರಾಯಕ್ಕೆ ಒಟ್ಟಿಗೆ ಸಮ್ಮತಿ ಕೊಟ್ಟ ಇನ್ನೊಬ್ಬ ಗಣ್ಯರನ್ನು ನಾನು ಗ್ರಾಮಸಭೆಯಲ್ಲೂ ಕಂಡಿಲ್ಲ.

ದೇವರುಗಳ ಪಟ್ಟಿಯೂ ಬೆಳೆಯಿತು. ಮಧುಗಿರಿಯ ದಂಡಿನ ಮಾರಮ್ಮ ಎಂದರು, ಕೊರಟಗೆರೆ ಕಡೆಯ ಗೊರವನಹಳ್ಳಿ ಮಹಾಲಕ್ಷ್ಮಿ ಎಂದರು. ಬಹುಮತ ಬಂದದ್ದು ಪಾವಗಡದ ಶನಿಮಹಾತ್ಮನಿಗೆ. ಎಳ್ಳೆಣ್ಣೆ ದೀಪ ಹಚ್ಚಿ ಬಾ ಎಂದರು. ಹಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಶನಿ ಪುರಾಣಗಳಲ್ಲೇ ಮಂದಗತಿಯ ಕುಂಟ ದೇವರು. ತಮ್ಮ ಕಾಲನ್ನೇ ಇಷ್ಟು ಯುಗಗಳಿಂದ ಸರಿಮಾಡಿಕೊಳ್ಳದವರ ಎದುರು ನಿಂತು ಇನ್ನೊಬ್ಬರ ಕಾಲಿನ ಅಹವಾಲು ಹೇಳಲು ನನಗೆ ಸಂಕೋಚ. ಅಥವಾ ಅವರಿಗೇ ಈ ನೋವು ಚೆನ್ನಾಗಿ ಅರ್ಥವಾದೀತೇನೋ.

ಈಗ ಡಾಕ್ಟರಮ್ಮನ ವಿಚಾರಕ್ಕೆ ಬರುತ್ತೇನೆ. ತಾವು ನಡೆದುಕೊಂಡ ರೀತಿ ಸರಿಯಲ್ಲ. ಕುರಿ, ಮೇಕೆ, ಹಸುಗಳ ನಡುವೆ ಬಿಡುವು ಮಾಡಿಕೊಂಡು, ಬಿಸಿಲಲ್ಲಿ ಸ್ಕೂಟರ್ ಮೇಲೆ ಬಂದ ಆಕೆಯ ಎದುರು ತಾವು ನೆಟ್ಟಗೆ ನಡೆದಿರಿ! ಹೊಸಬರನ್ನು ಕಂಡ ಗಾಬರಿಯಲ್ಲಿ ಕುದುರೆ ನೋವನ್ನು ನುಂಗಿಬಿಡುತ್ತದೆ, ಅದು ಮಾಮೂಲು ಎಂದು ಆಕೆ ಸಮಾಧಾನ ಹೇಳಿದರು. ಸುತ್ತ ನಿಂತವರು ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು. ಆಕೆ ಹೊರಡಲಿಲ್ಲ. ಮಣ್ಣುನೆಲ ಬೇಡ, ಗಟ್ಟಿ ನೆಲ ಬೇಕು ಎಂದು ಸರ್ವಿಸ್ ರಸ್ತೆಗೆ ಕರೆಸಿ, ಹಗ್ಗ ಸಡಿಲ ಬಿಡಿಸಿ ಓಡಿಸಿದರು. ಆಕೆ ಕಾಲನ್ನು ನೋಡಲೇ ಇಲ್ಲ, ತಲೆಯನ್ನು ನೋಡುತ್ತಾ ಕಿವಿಯಿಂದ ಸಪ್ಪಳ ಕೇಳುತ್ತಿದ್ದರು. ಡಾಂಬರಿನ ಮೇಲೆ ಮೂರು ಹೆಜ್ಜೆ ಗಟ್ಟಿ, ಒಂದು ಮೆಲ್ಲಗೆ. ಸಿಕ್ಕಿಬಿದ್ದಿರಿ. ಅಷ್ಟು ಹೊತ್ತಿಗಾಗಲೇ ನಮ್ಮ ಚಿಕ್ಕಪ್ಪನವರು ಎರಡು ಬಾಟಲಿ ಸಾಸಿವೆ ಎಣ್ಣೆಯನ್ನು ತಮ್ಮ ಬಲಗಡೆಯವರಿಗೆ ತಿಕ್ಕಿ ಮುಗಿಸಿದ್ದರು.

ಆಮೇಲೆ ಆಕೆ ತಮ್ಮನ್ನು ಮಂಡಿಗಳ ನಡುವೆ ಇರುಕಿಕೊಂಡು, ಗೊರಸಿನ ಅಡಿಯ ಸಗಣಿ, ಕಲ್ಲು ಕೆತ್ತಿ ತೆಗೆದು, ಉದ್ದ ಹಿಡಿಯ ಇಕ್ಕಳದಿಂದ ಅಂಚಿನುದ್ದಕ್ಕೂ ಒಂದೊಂದೇ ಕಡೆ ಒತ್ತುತ್ತಾ ಹೋದರು. ಗೊರಸಿನ ಮೇಲಿನ ಗಂಟಿನ ಹಿಂದೆ ಎರಡು ಬೆರಳಿಟ್ಟು ನಾಡಿ ನೋಡಿದರು. ಬಲಗಾಲಿನದನ್ನೂ ನೋಡಿದರು. ತಮ್ಮದು ಸ್ವಲ್ಪ ಜೋರಾಗಿ ಬಡಿಯುತ್ತಿತ್ತು. ನಾನೂ ಬೆರಳಿಟ್ಟೆ: ಚರ್ಮದ ಕೆಳಗೆ ಸಣ್ಣದೊಂದು ಟಕ್, ಟಕ್. ಎಲ್ಲರೂ ಉಸಿರು ಬಿಗಿಹಿಡಿದು ತೀರ್ಪಿಗೆ ಕಾದರು. ಆಕೆ ಕೈ ತೊಳೆದುಕೊಂಡು, "ತೊಂದರೆ ಗೊರಸಿನಲ್ಲೇ ಇರಬಹುದು. ಏನು ಅಂತ ಈಗ ಹೇಳೋಕಾಗಲ್ಲ" ಎಂದರು.

ಅಲ್ಲಿಗೆ ಊರಿನಲ್ಲಿ ಆಕೆಯ ಮರ್ಯಾದೆ ಹೋಯಿತು. "ಅಷ್ಟು ಓದಿ ಗೊತ್ತಿಲ್ಲ ಅಂತಾಳಲ್ಲ" ಎಂದು ಅರಳಿಕಟ್ಟೆಯಲ್ಲಿ ಮಾತಾಯಿತು. ನನಗೆ ಮಾತ್ರ ಅಷ್ಟು ಜನರಲ್ಲಿ ತಮ್ಮನ್ನು ನಿಜವಾಗಿ ನೋಡಿದವರು ಆಕೆಯೊಬ್ಬರೇ ಅನ್ನಿಸಿತು. ಉಳಿದವರೆಲ್ಲ ಬರುವಾಗಲೇ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದವರು. ಆಕೆ ಬರಿಗೈಲಿ ಬಂದು, ನೋಡಿ, ಬರಿಗೈಲಿ ಹೋದರು.

ಗೊತ್ತಾಗದಿರುವುದಕ್ಕೆ ಕಾರಣ ತಮ್ಮ ಕಟ್ಟಡದಲ್ಲೇ ಇದೆಯಂತೆ. ಮಂಡಿಯ ಕೆಳಗೆ ತಮಗೆ ಮಾಂಸಖಂಡ ಎಂಬುದೇ ಇಲ್ಲ. ಮೂಳೆ, ನರ, ಹುರಿಗಳಷ್ಟೇ. ಕೊನೆಯ ಮೂಳೆಯನ್ನು ಗೊರಸಿನ ಗಟ್ಟಿ ಕವಚ ಸುತ್ತಲೂ ಮುಚ್ಚಿದೆ. ಒಳಗೆ ಕೀವಾದರೆ ಊದಲು ಜಾಗವಿಲ್ಲ, ಹೊರಗೆ ಕಾಣುವುದೂ ಇಲ್ಲ. ದಾರಿ ಹುಡುಕಿಕೊಂಡು ಗೊರಸಿನ ಮೇಲಂಚಿನಲ್ಲಿ ಒಡೆದು ಬರುವವರೆಗೂ ಕುದುರೆ ಕಾಲು ಮುರಿದಂತೆಯೇ ಕುಂಟುತ್ತದೆ. ಕೀವೇ ಆಗಿದ್ದರೆ ಅದೃಷ್ಟ. ಕಲ್ಲು ಒತ್ತಿದ ನೋವಿರಬಹುದು. ಆ ಮೂಳೆಯನ್ನು ಕವಚಕ್ಕೆ ಹಿಡಿದಿಟ್ಟಿರುವ ಪದರಗಳೇ ಸಡಿಲವಾಗುವ ಕಾಯಿಲೆಯೂ ಇದೆ. ಕಾಳು, ಸಿಹಿ ಅತಿಯಾಗಿ ತಿಂದ ಕುದುರೆಗಳಿಗೆ ಅದು ಬರುತ್ತದಂತೆ. ಇದನ್ನು ಕೇಳಿದಾಗ ನನಗೆ ಬೀಗರ ಕಡೆಯವರು ಪ್ರೀತಿಯಿಂದ ಬೆಳ್ಳಿಯ ಬಾಯಿಗೆ ತುರುಕಿದ ಲಾಡುಗಳೆಲ್ಲ ಸಾಲಾಗಿ ನೆನಪಾದವು. ಇನ್ನೊಂದು ಸಾಧ್ಯತೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು. ಅದು ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹತ್ತು ಹದಿನಾಲ್ಕು ದಿನ ಕಳೆದು, ಬಿರುಕಿನ ಅಂಚು ಸವೆದು ಅಗಲವಾದ ಮೇಲೆ ಇನ್ನೊಮ್ಮೆ ತೆಗೆದರೆ ಕಂಡೀತು.

ಹಾಗಾಗಿ ಈ ಕಾಯುವಿಕೆಗೆ ಯಾವ ಕಚೇರಿಯನ್ನೂ ಬೈಯುವಂತಿಲ್ಲ. ಫೈಲನ್ನು ತಡೆದು ಇಟ್ಟುಕೊಂಡವರು ತಾವೇ. ಮೊದಲ ಎಕ್ಸ್‌ರೇ ಸ್ವಚ್ಛವಾಗಿ ಬಂದಿದೆ. ನರಕ್ಕೆ ಮದ್ದು ಚುಚ್ಚಿ, ಕಾಲನ್ನು ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಮರಗಟ್ಟಿಸಿ ಓಡಿಸಿ, ಎಲ್ಲಿ ಮರಗಟ್ಟಿದಾಗ ಕುಂಟು ನಿಲ್ಲುತ್ತದೋ ಅಲ್ಲೇ ನೋವು ಎಂದು ಹಿಡಿಯುವ ವಿಧಾನ ಒಂದಿದೆ. ಆದರೆ ಬಿರುಕಿದ್ದರೆ ಹಾಗೆ ಓಡಿಸುವುದು ಅಪಾಯ, ನೋವು ತಿಳಿಯದ ಕುದುರೆ ಬಿರುಕನ್ನು ಮುರಿತ ಮಾಡಿಕೊಂಡುಬಿಡುತ್ತದೆ. ಆದ್ದರಿಂದ ಎರಡನೇ ಎಕ್ಸ್‌ರೇ ಆಗಬೇಕು, ಅದಕ್ಕೆ ದಿನ ಕಳೆಯಬೇಕು, ಆ ವಿಧಾನ ಬಲ್ಲ ಕುದುರೆ ಡಾಕ್ಟರು ಬೆಂಗಳೂರಿನಿಂದ ಬರಬೇಕು. ಅವರ ಬಳಿಗೆ ತಮ್ಮನ್ನೇ ಕರೆದೊಯ್ಯೋಣವೆಂದರೆ 130 ಕಿಲೋಮೀಟರ್ ಆಸುಪಾಸು ಮೂರು ಕಾಲಿನ ಮೇಲೆ ಗೂಡ್ಸ್ ಗಾಡಿಯಲ್ಲಿ ನಿಲ್ಲಿಸಬೇಕು. ಕುದುರೆ ಡಾಕ್ಟರುಗಳು ಊರೂರಿಗೆ ಇರುವುದಾದರೂ ಯಾರಿಗಾಗಿ? 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು 3.4 ಲಕ್ಷ. 2012ರಿಂದ ಏಳು ವರ್ಷದಲ್ಲಿ ನೂರಕ್ಕೆ 45ರಷ್ಟು ಇಳಿಕೆ. ನಮ್ಮ ಜಿಲ್ಲೆಯಲ್ಲಿ ಕುದುರೆಯೆಂದರೆ ಜನ ಕುಣಿಗಲ್ ಫಾರಂ ಕಡೆ ಕೈ ತೋರಿಸುತ್ತಾರೆ. ಟಿಪ್ಪುವಿನ ಕಾಲದಿಂದ ಬಂದದ್ದು, ಒಪ್ಪೋಣ; ಆದರೆ ಅಲ್ಲಿಯ ರೇಸ್ ಕುದುರೆಗಳ ವಂಶಾವಳಿಗೂ ನಮ್ಮ ಬೆಳ್ಳಿಗೂ ಸಂಬಂಧ ಹೇಳಲು ಹೋದರೆ ಅವರು ಗೇಟು ಹಾಕಿಕೊಂಡಾರು.

ಕುದುರೆ ಸಾಕಿ, ಅದರ ಕಾಲು ನೋಡುವವರನ್ನು ಸಾಕದಿರುವುದು ದಕ್ಷಿಣದ ಹಳೆಯ ರೂಢಿ ಎಂದು ಕಾಣುತ್ತದೆ. ಹದಿಮೂರನೇ ಶತಮಾನದ ಕೊನೆಗೆ ಪಾಂಡ್ಯರ ಕರಾವಳಿಗೆ ಬಂದಿದ್ದ ಮಾರ್ಕೋ ಪೋಲೋ ಬರೆದಿಟ್ಟಿದ್ದಾನೆ: ರಾಜ ವರ್ಷವರ್ಷವೂ ಸಾವಿರಾರು ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ, ಏಕೆಂದರೆ ಇಲ್ಲಿ ಲಾಳದವರೂ ಇಲ್ಲ, ಕುದುರೆ ವೈದ್ಯರೂ ಇಲ್ಲ. ಇದ್ದರೂ ಬರದ ಹಾಗೆ ವ್ಯಾಪಾರಿಗಳೇ ನೋಡಿಕೊಳ್ಳುತ್ತಿದ್ದರಂತೆ. ಕುದುರೆ ಸಾಯುತ್ತಿದ್ದರಷ್ಟೇ ವ್ಯಾಪಾರ. ವಿಜಯನಗರದಲ್ಲಿ ಕುದುರೆ ವ್ಯಾಪಾರ ಮಾಡಿದ ಪೋರ್ಚುಗೀಸ್ ನೂನಿಜ್ ಇನ್ನೂ ಸ್ವಾರಸ್ಯದ್ದು ಹೇಳುತ್ತಾನೆ. ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತರೆ ಬಾಲವನ್ನಷ್ಟೇ ಕೊಯ್ದು ತಂದು ತೋರಿಸಿದರೆ ಸಾಕು. ಹಾಗೆಂದು ವಿದ್ಯೆ ಇರಲಿಲ್ಲವೆಂದಲ್ಲ. ಹನ್ನೆರಡನೇ ಶತಮಾನದಲ್ಲೇ ಚಾಳುಕ್ಯರ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ, ಮುಂದೆ ಅಭಿನವಚಂದ್ರ ಕುದುರೆಯ ವೈದ್ಯವನ್ನೂ ಬರೆದ. ನಮ್ಮ ಶಿರಾವನ್ನೇ ನೋಡಿ. 1687ರಲ್ಲಿ ಮೊಘಲರ ದಂಡು, ಆಮೇಲೆ ಮರಾಠರು, 1761ರಲ್ಲಿ ಹೈದರಾಲಿ. ಬಂದವರೆಲ್ಲ ಕುದುರೆ ಏರಿಯೇ ಬಂದರು, ಕೋಟೆ, ಮಸೀದಿ, ಗೋರಿ ಬಿಟ್ಟುಹೋದರು. ಗೊರಸು ನೋಡುವ ಒಬ್ಬನನ್ನು ಬಿಟ್ಟುಹೋಗಬಾರದಿತ್ತೇ?

ಈ ನಡುವೆ ತಮ್ಮ ಸೇವೆ ಹೇಗೆ ನಡೆದಿದೆ ಎಂಬುದು ತಮಗೇ ಗೊತ್ತು. ಮರಳು ಹಾಸಿದ ಕೊಟ್ಟಿಗೆ. ಹೊತ್ತು ಹೊತ್ತಿಗೆ ಎಪ್ಸಮ್ ಉಪ್ಪು ಕದಡಿದ ಬಿಸಿನೀರಿನಲ್ಲಿ ಪಾದಸ್ನಾನ. ಕೀವಿದ್ದರೆ ಎಳೆದು ಬರಲಿ ಎಂದು ಗೊರಸಿಗೆ ಹಿಟ್ಟು ಕಟ್ಟಿ, ಒದ್ದೆ ಆರದ ಹಾಗೆ ಮೇಲೆ ಡೈಪರ್ ಸುತ್ತಿ ಎಂದು ಡಾಕ್ಟರಮ್ಮ ಹೇಳಿದ್ದರು. ತಮಾಷೆಯಲ್ಲ, ಗೊರಸಿನ ಅಳತೆಗೆ ಅದರಷ್ಟು ಸರಿಯಾಗಿ ಕೂರುವುದು ಬೇರೆಯಿಲ್ಲ. ಮೆಡಿಕಲ್ ಸ್ಟೋರಿನ ಹುಡುಗ, "ಎಷ್ಟು ಕೆ.ಜಿ. ಮಗು ಅಣ್ಣ?" ಎಂದ. "ಮುನ್ನೂರೈವತ್ತು" ಎಂದೆ. ಅವನು ನನ್ನ ಮುಖವನ್ನೊಮ್ಮೆ, ಪ್ಯಾಕೆಟ್ಟುಗಳನ್ನೊಮ್ಮೆ ನೋಡಿ, "ಎಕ್ಸ್‌ಎಲ್ ತಗೊಳ್ಳಿ" ಎಂದು ಕೊಟ್ಟ. ಈಗ ಅಂಟು ಟೇಪು ಸುತ್ತಿದ ಡೈಪರಿನ ಮೇಲೆ ಕಾರ್ಟೂನ್ ಕರಡಿಯೊಂದು ನಗುತ್ತಿರುತ್ತದೆ. ಮನೆಯಾಕೆ, "ಮಕ್ಕಳಿಗೂ ಇಷ್ಟು ಮಾಡಿರ್ಲಿಲ್ಲ ಬಿಡಿ" ಎಂದಳು. ಮಾತು ನಿಜವಾದ್ದರಿಂದ ನಾನು ಕರಡಿಯ ಕಡೆ ನೋಡಿದೆ.

ನೋವು ಕೊಲ್ಲುವ ಇಂಜೆಕ್ಷನ್ ಒಂದು ಹೊಡೆಸಿಬಿಡು, ಮದುವೆ ಮುಗಿಸಿಕೊಳ್ಳೋಣ ಎಂದವರೂ ಇದ್ದಾರೆ. ಬರಗೂರು ಕಡೆಯ ಪಾರ್ಟಿ ಅಡ್ವಾನ್ಸ್ ಕೊಟ್ಟಿತ್ತು. ಡೈಕ್ಲೋಫಿನಾಕ್ ಎಂದು ಹೆಸರನ್ನೂ ಸೂಚಿಸಿದರು. ಪ್ರಾಣಿಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಚುಚ್ಚಿಸಿಕೊಂಡ ದನ ಸತ್ತರೆ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಲ್ಲಿ ಅವುಗಳ ಕುಲವೇ ಅಳಿಯುವ ಹಂತಕ್ಕೆ ಬಂತು. ಶೋಲೆ ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗೇ ಬಿಟ್ಟುಕೊಡಬೇಕಾಯಿತು. ಬೇರೆ ಮದ್ದು ಕೊಟ್ಟರೂ ಅಷ್ಟೆ, ನೋವು ಮುಚ್ಚಿದರೆ ಪರೀಕ್ಷೆಗೆ ಏನೂ ಸಿಗುವುದಿಲ್ಲ. ಬರಗೂರಿನವರಿಗೆ ಅಡ್ವಾನ್ಸ್ ಹಿಂದಿರುಗಿಸಿ, ಗಂಡನ್ನು ಕಾರಿನಲ್ಲಿ ಕರೆತನ್ನಿ ಎಂದೆ. ಕಾರಿಗೆ ಹೂವಿನ ಅಲಂಕಾರ ಮಾಡಿದರಂತೆ. ಅದು ಹೊಸಿಲಲ್ಲೇ ಪಂಕ್ಚರ್ ಆಯಿತೆಂದು ಕೇಳಿ ನಾನು ಸಂತೋಷಪಟ್ಟೆನೆಂದು ಯಾರೂ ಹೇಳಕೂಡದು. ಆದರೆ ಆ ಪಂಕ್ಚರಿಗೆ ಹತ್ತೇ ನಿಮಿಷದಲ್ಲಿ ಕಾರಣ ಸಿಕ್ಕಿತು, ಅರ್ಧ ಇಂಚಿನ ಮೊಳೆ. ಆ ಟೈರಿನ ಮೇಲೆ ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಗುಣವಾಗಿ ಎಂದು ನಾನು ಒತ್ತಾಯಿಸುತ್ತಿಲ್ಲ. ಗುರುವಾರ ಬೆಂಗಳೂರಿನ ಡಾಕ್ಟರು ಬರುವುದಾಗಿ ಒಪ್ಪಿದ್ದಾರೆ. ಎಕ್ಸ್‌ರೇ ಯಂತ್ರವೂ ಜೊತೆಗೇ ಬರುತ್ತದೆ. ಅವತ್ತು ತಾವು ದಯಮಾಡಿ, ಊರಿನವರ ಎದುರು, ಸಂಕೋಚ ಬಿಟ್ಟು, ಮನಸಾರೆ ಕುಂಟಬೇಕು.

ಇಂತಿ ತಮ್ಮ ವಿಧೇಯ,
ಹುಲ್ಲು ಹಾಕುವವನು

ಪ್ರತಿ: ಬಲಮುಂಗಾಲಿನವರಿಗೆ, ಮಾಹಿತಿಗಾಗಿ ಮತ್ತು ಎಚ್ಚರಿಕೆಗಾಗಿ. ಪಕ್ಕದವರು ರಜೆಯಲ್ಲಿದ್ದಾರೆಂದು ಅವರ ಕೆಲಸವನ್ನೆಲ್ಲ ತಾವೇ ಮೈಮೇಲೆ ಹಾಕಿಕೊಳ್ಳಬೇಡಿ. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಎಂಬ ಕುದುರೆಗೆ ಮುಂದಿನ ರೇಸಿನಲ್ಲೇ ಬಲ ಹಿಂಗಾಲು ಮುರಿಯಿತು. ಮುರಿದದ್ದನ್ನು ಕೂಡಿಸಿದರು, ಅದು ಕೂಡುತ್ತಲೂ ಬಂತು. ಅಷ್ಟರಲ್ಲಿ ಭಾರ ಹೊತ್ತ ಉಳಿದ ಕಾಲುಗಳ ಗೊರಸು ಕೆಟ್ಟು, 2007ರ ಜನವರಿಯಲ್ಲಿ ಅದನ್ನು ಕೊನೆಗಾಣಿಸಬೇಕಾಯಿತು. ತಮಗೂ ನಾಳೆಯಿಂದ ಮೆತ್ತನೆಯ ಪಟ್ಟಿ ಕಟ್ಟಲಾಗುವುದು. ಡೈಪರ್ ದಾಸ್ತಾನು ಇದೆ.